ಹುಟ್ಟಿನಿಂದ ಯಾರೂ ಕಳ್ಳರಲ್ಲ: ಖ್ವಾಜಾ ಅಹ್ಮದ್ ಅಬ್ಬಾಸ್‌ರ ಬದುಕು ಮತ್ತು ಬರಹ



ವಿದ್ಯಾಸಂಸ್ಥೆಯೊಂದರ ವಾರ್ಷಿಕ ಸಂಚಿಕೆಯಲ್ಲಿ ಸಿನಿಮಾದವರೊಬ್ಬರ ಜೀವನ ಚರಿತ್ರೆ ಏಕೆ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಬಹುದು. ಹಿರಿಯರು ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಸಿನಿಮಾ ನಮ್ಮ ಮಕ್ಕಳ ಸಮಯವನ್ನೂ ಮನಸ್ಸನ್ನೂ ಕೆಡಿಸುತ್ತದೆ ಎಂಬ ಚಿಂತೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಆದರೂ ಈ ವ್ಯಕ್ತಿಯ ಬದುಕನ್ನು ವಿದ್ಯಾರ್ಥಿಗಳ ಮುಂದಿಡಲೇಬೇಕೆಂದು ನನಗೆ ಅನ್ನಿಸಿದ್ದಕ್ಕೆ ಒಂದು ಕಾರಣವಿದೆ. ಅವರು ಸಿನಿಮಾಕ್ಕೆ ಹೋದದ್ದು ಹೆಸರು, ಹಣಗಳಿಗಾಗಿ ಅಲ್ಲ. ಪತ್ರಿಕೆ ಓದಲು ಬಾರದ ಕೋಟ್ಯಂತರ ಜನರಿಗೆ ತಮ್ಮ ಮಾತು ತಲುಪಬೇಕು ಎಂಬ ಹಂಬಲ ಅವರನ್ನು ಅಲ್ಲಿಗೆ ಕರೆದೊಯ್ದಿತು. ಅವರು ಖ್ವಾಜಾ ಅಹ್ಮದ್ ಅಬ್ಬಾಸ್. ಪತ್ರಕರ್ತ, ಕಥೆಗಾರ, ಚಿತ್ರಕಥಾ ಲೇಖಕ, ನಿರ್ದೇಶಕ, ನಿರ್ಮಾಪಕ ಎಲ್ಲವೂ ಆಗಿದ್ದವರು.

ಪಾಣಿಪತ್‌ನ ಮನೆತನ

ಅಬ್ಬಾಸ್ ಹುಟ್ಟಿದ್ದು 1914ರ ಜೂನ್ 7ರಂದು, ಪಾಣಿಪತ್‌ನಲ್ಲಿ. ಪಾಣಿಪತ್ ಎಂದೊಡನೆ ನಮಗೆ ಇತಿಹಾಸ ಪುಸ್ತಕದ ಮೂರು ಯುದ್ಧಗಳು ನೆನಪಾಗುತ್ತವೆ. ಉರ್ದು ಓದಿದವರಿಗೆ ಮಾತ್ರ ಆ ಊರು ಮೌಲಾನಾ ಅಲ್ತಾಫ್ ಹುಸೇನ್ ಹಾಲಿಯವರ ಊರು. ಮಿರ್ಜಾ ಗಾಲಿಬ್‌ರ ಶಿಷ್ಯರಾಗಿದ್ದ, ಸರ್ ಸಯ್ಯದ್ ಅಹ್ಮದ್ ಖಾನರ ಒಡನಾಡಿಯಾಗಿದ್ದ, 1879ರಲ್ಲಿ ಮುಸದ್ದಸ್ ಬರೆದು ನಿದ್ರಿಸುತ್ತಿದ್ದ ಕೌಮನ್ನು ಎಬ್ಬಿಸಿದ ಹಾಲಿ. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು ಎಂದು ಆ ಕಾಲದಲ್ಲೇ ಪುಸ್ತಕ ಬರೆದವರು ಅವರು. ಅಬ್ಬಾಸ್ ಇದೇ ಹಾಲಿಯವರ ಮರಿಮಗ. ಮರಿಮಗ ಹುಟ್ಟಿದ ವರ್ಷವೇ ಹಾಲಿ ತೀರಿಕೊಂಡರು.

ಅಬ್ಬಾಸ್‌ರ ತಾಯಿಯ ತಂದೆ ಖ್ವಾಜಾ ಸಜ್ಜಾದ್ ಹುಸೇನ್, ಹಾಲಿಯವರ ಮಗ. ಪಾಣಿಪತ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಮೊಟ್ಟಮೊದಲ ಶಾಲೆ ತೆರೆದವರು ಅವರು. ಮುಂದೆ ಭಾರತ ಸರ್ಕಾರದ ಶಿಕ್ಷಣ ಕಾರ್ಯದರ್ಶಿಯಾದ ಪ್ರಸಿದ್ಧ ಶಿಕ್ಷಣ ತಜ್ಞ ಖ್ವಾಜಾ ಗುಲಾಮುಸ್ಸಯ್ಯದೈನ್ ಕೂಡ ಇದೇ ಮನೆತನದವರು, ಅಬ್ಬಾಸ್‌ರ ಹತ್ತಿರದ ಸಂಬಂಧಿ. ಮನೆಯಲ್ಲಿ ಆಸ್ತಿಗಿಂತ ಪುಸ್ತಕಗಳಿಗೆ ಬೆಲೆ ಹೆಚ್ಚಾಗಿತ್ತು. ಬಾಲಕ ಅಬ್ಬಾಸ್ ಕುರಾನ್ ಓದಲು ಕಲಿತದ್ದೂ ಅಲ್ಲೇ, ಏಳನೆಯ ತರಗತಿಯವರೆಗೆ ಹಾಲಿ ಮುಸ್ಲಿಂ ಹೈಸ್ಕೂಲಿನಲ್ಲಿ ಓದಿದ್ದೂ ಅಲ್ಲೇ. ಹದಿನೈದನೆಯ ವಯಸ್ಸಿಗೆ ಮೆಟ್ರಿಕ್ ಮುಗಿಯಿತು.

ನೀವು ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ದೊಡ್ಡ ಮನೆತನದಲ್ಲಿ ಹುಟ್ಟಿದ ಈ ಹುಡುಗ ಮುಂದೆ ಬದುಕಿನುದ್ದಕ್ಕೂ ವಾದಿಸಿದ್ದು ಮನೆತನದಿಂದ ಮನುಷ್ಯ ದೊಡ್ಡವನಾಗುವುದಿಲ್ಲ ಎಂದು. ಈ ಮಾತಿಗೆ ಮುಂದೆ ಬರುತ್ತೇನೆ.

ಅಲಿಗಢದಿಂದ ಮುಂಬಯಿಗೆ

ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಅಬ್ಬಾಸ್ 1933ರಲ್ಲಿ ಇಂಗ್ಲಿಷ್ ಸಾಹಿತ್ಯದೊಂದಿಗೆ ಬಿ.ಎ. ಮುಗಿಸಿ, 1935ರಲ್ಲಿ ಎಲ್.ಎಲ್.ಬಿ. ಪದವಿ ಪಡೆದರು. ಕಾನೂನು ಓದುತ್ತಿದ್ದಾಗಲೇ ಅಲಿಗಢ ಒಪಿನಿಯನ್ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಹೊರತರುವ ವಾರಪತ್ರಿಕೆ ನಮ್ಮ ದೇಶಕ್ಕೆ ಆಗ ಹೊಸದು. ಇಂದು ನಮ್ಮ ಶಾಲೆಗಳಲ್ಲಿ ಗೋಡೆ ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡಿ ಎಂದರೆ ಹಿಂದೇಟು ಹಾಕುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ವಕೀಲಿ ಮಾಡಿದ್ದರೆ ಕೈತುಂಬ ಹಣ ಸಿಗುತ್ತಿತ್ತು. ಅಬ್ಬಾಸ್ ಕರಿಕೋಟು ತೊಡಲಿಲ್ಲ. ಮುಂಬಯಿಗೆ ಹೋಗಿ ಬಾಂಬೆ ಕ್ರಾನಿಕಲ್ ಪತ್ರಿಕೆ ಸೇರಿದರು. ಸ್ವಾತಂತ್ರ್ಯ ಹೋರಾಟದ ಪರವಾಗಿ ಗಟ್ಟಿಯಾಗಿ ನಿಂತಿದ್ದ ಪತ್ರಿಕೆ ಅದು. ಅಲ್ಲಿ ವರದಿಗಾರರಾಗಿ, ಆಮೇಲೆ ಸಿನಿಮಾ ವಿಮರ್ಶಕರಾಗಿ ದುಡಿದರು. 1938ರಲ್ಲಿ ಲೋಕ ಸುತ್ತಲು ಹೊರಟು, ಯುದ್ಧದ ಕಾರ್ಮೋಡ ಕವಿಯುತ್ತಿದ್ದ ಜಗತ್ತನ್ನು ಕಣ್ಣಾರೆ ಕಂಡು ಪುಸ್ತಕ ಬರೆದರು.

ಬಾಂಬೆ ಕ್ರಾನಿಕಲ್‌ನಲ್ಲಿ ಅವರು ಆರಂಭಿಸಿದ ಲಾಸ್ಟ್ ಪೇಜ್ ಎಂಬ ಅಂಕಣ ಮುಂದೆ ಬ್ಲಿಟ್ಜ್ ವಾರಪತ್ರಿಕೆಗೆ ಬಂದು, ಅವರು ಕಣ್ಮುಚ್ಚುವವರೆಗೂ ನಡೆಯಿತು. ಉರ್ದು ಬ್ಲಿಟ್ಜ್‌ನಲ್ಲಿ ಅದೇ ಅಂಕಣಕ್ಕೆ ಆಜಾದ್ ಕಲಮ್ ಎಂಬ ಹೆಸರಿತ್ತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ವಾರವಾರವೂ ಬರೆಯುವುದೆಂದರೆ ಸಾಮಾನ್ಯವಲ್ಲ. ನಮ್ಮ ದೇಶದ ಪತ್ರಿಕೆಗಳಲ್ಲಿ ಅತಿ ದೀರ್ಘಕಾಲ ನಡೆದ ಅಂಕಣಗಳಲ್ಲಿ ಅದೂ ಒಂದು. ಪತ್ರಿಕೆಯನ್ನು ಕೊನೆಯ ಪುಟದಿಂದ ಓದುವ ಅಭ್ಯಾಸ ಅನೇಕರಿಗೆ ಬಂದದ್ದೇ ಅದರಿಂದ. ಇದರ ಜೊತೆಗೆ ಉರ್ದು, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು. ಅಬಾಬೀಲ್ ಎಂಬ ಅವರ ಸಣ್ಣಕಥೆಯನ್ನು ಉರ್ದು ಓದುವ ವಿದ್ಯಾರ್ಥಿಗಳು ತಪ್ಪದೆ ಹುಡುಕಿ ಓದಬೇಕು. ಹೆಂಡತಿ ಮಕ್ಕಳನ್ನು ಹೊಡೆದು ಮನೆಯಿಂದ ಓಡಿಸಿದ ಒರಟು ರೈತನೊಬ್ಬನ ಎದೆಯಲ್ಲಿ ಹಕ್ಕಿಯ ಗೂಡೊಂದು ಹೇಗೆ ಕರುಣೆ ಹುಟ್ಟಿಸುತ್ತದೆ ಎಂಬುದು ಆ ಕಥೆ.

ಹಸಿವನ್ನು ತೆರೆಗೆ ತಂದವರು

ಸಿನಿಮಾ ವಿಮರ್ಶೆ ಬರೆಯುತ್ತಿದ್ದ ಅಬ್ಬಾಸ್ ಸ್ವತಃ ಕಥೆ ಬರೆಯಲು ತೊಡಗಿದರು. ಬಾಂಬೆ ಟಾಕೀಸ್ ಸಂಸ್ಥೆಗೆ ಅವರು ಬರೆದ ನಯಾ ಸಂಸಾರ್ 1941ರಲ್ಲಿ ತೆರೆಗೆ ಬಂತು. ಅದರ ನಾಯಕ ಒಬ್ಬ ನಿರ್ಭೀತ ಪತ್ರಕರ್ತ. ಮುಂದೆ 1951ರಲ್ಲಿ ತಮ್ಮದೇ ಚಿತ್ರಸಂಸ್ಥೆ ಕಟ್ಟಿದಾಗ ಅದಕ್ಕೂ ನಯಾ ಸಂಸಾರ್ ಎಂಬ ಹೆಸರನ್ನೇ ಇಟ್ಟರು.

1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ದೇಶದಲ್ಲಿ ಅಕ್ಕಿ ಇಲ್ಲದೆ ಜನ ಸಾಯಲಿಲ್ಲ, ಅಕ್ಕಿ ಬಡವರ ಕೈಗೆ ಸಿಗದೆ ಸತ್ತರು. ಅದೇ ವರ್ಷ ಮುಂಬಯಿಯಲ್ಲಿ ಭಾರತೀಯ ಜನನಾಟ್ಯ ಸಂಘ, ಅಂದರೆ ಇಪ್ಟಾ, ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಅಬ್ಬಾಸ್ ಒಬ್ಬರು. ಈ ಸಂಘದ ಕಲಾವಿದರನ್ನೇ ಜೊತೆಗಿಟ್ಟುಕೊಂಡು 1946ರಲ್ಲಿ ಧರ್ತಿ ಕೆ ಲಾಲ್ ಚಿತ್ರ ಮಾಡಿದರು. ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು. ಬಿಜೋನ್ ಭಟ್ಟಾಚಾರ್ಯರ ನಾಟಕಗಳು ಮತ್ತು ಕೃಷ್ಣಚಂದರ್ ಅವರ ಕಥೆ ಅದಕ್ಕೆ ಆಧಾರ. ಬಲರಾಜ್ ಸಾಹ್ನಿ, ಶಂಭು ಮಿತ್ರ, ತೃಪ್ತಿ ಮಿತ್ರ ನಟಿಸಿದರು, ರವಿಶಂಕರ್ ಸಂಗೀತ ನೀಡಿದರು. ಹೊಲ ಕಳೆದುಕೊಂಡು ಕಲ್ಕತ್ತೆಯ ಬೀದಿಗೆ ಬಿದ್ದ ರೈತ ಕುಟುಂಬವೊಂದರ ಕಥೆ. ರಾಜರಾಣಿಯರ ಕಥೆಗಳಿಗೆ ಒಗ್ಗಿಹೋಗಿದ್ದ ತೆರೆಯ ಮೇಲೆ ಹಸಿದ ರೈತನನ್ನು ತಂದು ನಿಲ್ಲಿಸಿದ್ದು ಸಣ್ಣ ಸಾಹಸವಲ್ಲ.

ಆ 1946ನೇ ವರ್ಷ ಅಬ್ಬಾಸ್‌ರ ಪಾಲಿಗೆ ದೊಡ್ಡ ವರ್ಷ. ಹಯಾತುಲ್ಲಾ ಅನ್ಸಾರಿಯವರ ಕಥೆಗೆ ಅವರು ಚಿತ್ರಕಥೆ ಬರೆಯುವಲ್ಲಿ ಪಾಲುಗೊಂಡ, ಚೇತನ್ ಆನಂದ್ ನಿರ್ದೇಶನದ ನೀಚಾ ನಗರ್ ಚಿತ್ರ ಫ್ರಾನ್ಸ್‌ನ ಕಾನ್ ನಗರದ ಮೊಟ್ಟಮೊದಲ ಚಿತ್ರೋತ್ಸವದಲ್ಲಿ ಇತರ ಕೆಲವು ಚಿತ್ರಗಳೊಂದಿಗೆ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡಿತು. ಮೇಲಿನ ಬಡಾವಣೆಯ ಧನಿಕ ತನ್ನ ಲಾಭಕ್ಕಾಗಿ ಚರಂಡಿಯ ನೀರನ್ನು ಕೆಳಗಿನ ಬಡವರ ಕೇರಿಗೆ ತಿರುಗಿಸುವ ಕಥೆ ಅದು. ಚೀನಾದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಪ್ರಾಣಬಿಟ್ಟ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್‌ರ ಬಗ್ಗೆ ಅಬ್ಬಾಸ್ ಬರೆದ ಪುಸ್ತಕವನ್ನು ವಿ. ಶಾಂತಾರಾಮ್ ಚಿತ್ರ ಮಾಡಿದ್ದೂ ಅದೇ ವರ್ಷ.

1947ರಲ್ಲಿ ದೇಶ ಇಬ್ಭಾಗವಾಯಿತು. ಪಾಣಿಪತ್‌ನ ಮುಸ್ಲಿಂ ಮನೆಗಳು ಬಹುತೇಕ ಖಾಲಿಯಾದವು. ಅಬ್ಬಾಸ್ ಭಾರತದಲ್ಲೇ ಉಳಿದರು. ಆ ದಿನಗಳ ಹಿನ್ನೆಲೆಯಲ್ಲಿ ಅವರು ಬರೆದ ಸರ್ದಾರ್‌ಜಿ ಎಂಬ ಕಥೆಯಲ್ಲಿ, ಸಿಖ್ಖರನ್ನು ಕಂಡರಾಗದ ಮುಸಲ್ಮಾನನೊಬ್ಬನನ್ನು ಪಕ್ಕದ ಮನೆಯ ಸರ್ದಾರ್‌ಜಿ ತನ್ನ ಪ್ರಾಣ ಕೊಟ್ಟು ಉಳಿಸುತ್ತಾನೆ. ಬೆರಳು ತೋರಿಸಿದ್ದು ತಮ್ಮವರ ಪೂರ್ವಗ್ರಹದ ಕಡೆಗೆ. ಕಥೆಯ ಮರ್ಮ ತಿಳಿಯದ ಕೆಲವರು ಸಿಟ್ಟಿಗೆದ್ದು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಎಲ್ಲ ಕಡೆಯವರ ತಪ್ಪನ್ನೂ ಹೇಳುವವನಿಗೆ ಎಲ್ಲ ಕಡೆಯಿಂದಲೂ ಪೆಟ್ಟು ತಪ್ಪಿದ್ದಲ್ಲ.

ಆವಾರಾ ಎತ್ತಿದ ಪ್ರಶ್ನೆ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಅಬ್ಬಾಸ್ ಮತ್ತು ಅವರ ಗೆಳೆಯ ವಿ.ಪಿ. ಸಾಠೆ ಸೇರಿ ಒಂದು ಕಥೆ ಬರೆದರು. ಮೊದಲು ಮೆಹಬೂಬ್ ಖಾನರ ಬಳಿಗೆ ಹೋದ ಆ ಕಥೆ, ಪಾತ್ರಧಾರಿಗಳ ವಿಷಯದಲ್ಲಿ ಒಮ್ಮತ ಮೂಡದೆ, ಕೊನೆಗೆ ತರುಣ ರಾಜ್ ಕಪೂರರ ಕೈ ಸೇರಿತು. ಅದೇ 1951ರ ಆವಾರಾ.

ಹಾಡುಗಳಿಂದಾಗಿ ಆವಾರಾ ನಿಮಗೆ ಗೊತ್ತಿರಬಹುದು. ಅದರ ಕಥೆಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಒಳ್ಳೆಯವರ ಮಕ್ಕಳು ಒಳ್ಳೆಯವರೇ ಆಗುತ್ತಾರೆ, ಕಳ್ಳರ ಮಕ್ಕಳು ಕಳ್ಳರೇ ಆಗುತ್ತಾರೆ ಎಂದು ನಂಬಿದ ನ್ಯಾಯಾಧೀಶರೊಬ್ಬರು ಇದ್ದಾರೆ. ತಂದೆ ಅಪರಾಧಿ ಎಂಬ ಒಂದೇ ಕಾರಣಕ್ಕೆ ನಿರಪರಾಧಿಯೊಬ್ಬನಿಗೆ ಶಿಕ್ಷೆ ಕೊಡುತ್ತಾರೆ. ಅವನು ನಿಜವಾಗಿಯೂ ದರೋಡೆಕೋರನಾಗಿ ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ಅವನು ಹೊತ್ತೊಯ್ದು ಬಿಟ್ಟ ತಮ್ಮ ತುಂಬು ಬಸುರಿ ಹೆಂಡತಿಯನ್ನು ನ್ಯಾಯಾಧೀಶರು ಸಂಶಯದಿಂದ ಬೀದಿಗೆ ತಳ್ಳುತ್ತಾರೆ. ಹೀಗೆ ನ್ಯಾಯಾಧೀಶರ ಸ್ವಂತ ಮಗ ಕೊಳೆಗೇರಿಯಲ್ಲಿ ಬೆಳೆಯುತ್ತಾನೆ. ಬೂಟ್ ಪಾಲಿಶ್ ಮಾಡಿ ಹೊಟ್ಟೆ ಹೊರೆಯುವ ಆ ಹುಡುಗ ಶಾಲೆಯಿಂದ ಹೊರಬೀಳುತ್ತಾನೆ. ಹಸಿದ ತಾಯಿಗಾಗಿ ಒಂದು ರೊಟ್ಟಿ ಕದಿಯುತ್ತಾನೆ. ಅಲ್ಲಿಂದ ಜೈಲು, ಜೈಲಿನಿಂದ ಮತ್ತೆ ಕಳ್ಳತನ.

ನ್ಯಾಯಾಧೀಶರ ಮಗ ಕಳ್ಳನಾದ. ಹಾಗಾದರೆ ರಕ್ತದ ಮಾತು ಎಲ್ಲಿ ಹೋಯಿತು? ಮನುಷ್ಯನನ್ನು ರೂಪಿಸುವುದು ಹುಟ್ಟೋ, ಸುತ್ತಲಿನ ಬದುಕೋ? ಅಬ್ಬಾಸ್ ಈ ಪ್ರಶ್ನೆಯನ್ನು ಕಥೆಯಾಗಿ ಹೆಣೆದು, ಅಕ್ಷರ ಬಾರದವರೂ ಉತ್ತರವನ್ನು ತಾವೇ ಕಂಡುಕೊಳ್ಳುವಂತೆ ಮಾಡಿದರು. ನ್ಯಾಯಾಲಯದಲ್ಲಿ ಆ ಹುಡುಗನ ಪರವಾಗಿ ವಾದಿಸುವವಳು ಓದಿ ವಕೀಲೆಯಾದ ಒಬ್ಬ ಹೆಣ್ಣುಮಗಳು ಎಂಬುದನ್ನೂ ಮರೆಯಬೇಡಿ. ಹೆಣ್ಣುಮಕ್ಕಳ ಶಾಲೆ ತೆರೆದ ಅಜ್ಜನ ಮೊಮ್ಮಗನಿಗೆ ಅಂಥ ಪಾತ್ರ ಹೊಳೆದದ್ದು ಸಹಜವೇ.

ಚಿತ್ರ ದೇಶದಲ್ಲಿ ಗೆದ್ದಿತು. 1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬಿಡುಗಡೆಯಾದಾಗ ಅಲ್ಲಿನ ಕೋಟ್ಯಂತರ ಜನ ನೋಡಿದರು. 1955ರಲ್ಲಿ ಅಬ್ಬಾಸ್ ಬರೆದ ಶ್ರೀ 420 ಬಂತು. ಅಲಹಾಬಾದಿನಿಂದ ಪದವಿ ಹಿಡಿದು ಮುಂಬಯಿಗೆ ಬಂದ ಪ್ರಾಮಾಣಿಕ ಹುಡುಗ ಅಲ್ಲಿ ಮೋಸಗಾರನಾಗಿ, ಮತ್ತೆ ಮನುಷ್ಯನಾಗುವ ಕಥೆ.

ಶಿಕ್ಷಕನಾಗಿ ನನಗೆ ಆವಾರಾ ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಆ ಹುಡುಗ ಶಾಲೆ ಬಿಡುವ ಸನ್ನಿವೇಶ. ಅವನ ಬದುಕು ಕೆಟ್ಟದ್ದು ರೊಟ್ಟಿ ಕದ್ದ ದಿನವಲ್ಲ, ಶಾಲೆಯ ಬಾಗಿಲು ಮುಚ್ಚಿದ ದಿನ. ಗುಜರಿ ಹೆಕ್ಕುವವರ, ಗ್ಯಾರೇಜಿನಲ್ಲಿ ದುಡಿಯುವವರ, ಬೀಡಿ ಕಟ್ಟುವವರ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ಇವರೆಲ್ಲ ಓದಿ ಏನಾಗಬೇಕಿದೆ ಎಂಬ ಮಾತು ನಮ್ಮ ನಡುವೆಯೂ ಕೇಳಿಬರುತ್ತದೆ. ಕೆಲವೊಮ್ಮೆ ಮಕ್ಕಳೇ ಅದನ್ನು ನಂಬಿಬಿಟ್ಟಿರುತ್ತಾರೆ, ಅದು ಇನ್ನೂ ದುಃಖದ ಸಂಗತಿ. ಹಾಗೆ ಮಾತನಾಡುವಾಗ ನಾವೂ ಆ ನ್ಯಾಯಾಧೀಶರ ಕುರ್ಚಿಯಲ್ಲಿಯೇ ಕುಳಿತಿರುತ್ತೇವೆ.

ಗಳಿಕೆ ಒಂದು ಕಡೆ, ಖರ್ಚು ಇನ್ನೊಂದು ಕಡೆ

ರಾಜ್ ಕಪೂರರಿಗಾಗಿ ಬರೆದ ಕಥೆಗಳು ಅಬ್ಬಾಸ್‌ರಿಗೆ ಹೆಸರನ್ನೂ ಸ್ವಲ್ಪ ಹಣವನ್ನೂ ತಂದವು. ಅವರೇ ನಿರ್ಮಿಸಿ ನಿರ್ದೇಶಿಸಿದ ಚಿತ್ರಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಥಿಯೇಟರುಗಳಲ್ಲಿ ಓಡಲಿಲ್ಲ. ಅನಾಥ ಮಗುವೊಂದರ ಸುತ್ತ ಹೆಣೆದ ಮುನ್ನಾ ಚಿತ್ರವನ್ನು 1954ರಲ್ಲಿ ಒಂದೇ ಒಂದು ಹಾಡಿಲ್ಲದೆ ತೆಗೆದರು. ಹಾಡಿಲ್ಲದ ಹಿಂದಿ ಚಿತ್ರವನ್ನು ಕೊಳ್ಳುವವರು ಯಾರು? ಆದರೂ ಅವರು ತಮ್ಮ ದಾರಿ ಬಿಡಲಿಲ್ಲ. ಪೆನ್ನಿನಿಂದ ಗಳಿಸಿದ್ದನ್ನು ಕ್ಯಾಮೆರಾದ ಮುಂದೆ ಸುರಿದು, ಕೈಸುಟ್ಟುಕೊಂಡು, ಮತ್ತೆ ಬರೆಯಲು ಕುಳಿತುಕೊಳ್ಳುತ್ತಿದ್ದರು.

1963ರ ಶಹರ್ ಔರ್ ಸಪ್ನಾ ಅಂಥದ್ದೇ ಚಿತ್ರ. ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು ಸಿಗದೆ, ರಸ್ತೆ ಬದಿಯ ದೊಡ್ಡ ನೀರಿನ ಪೈಪಿನೊಳಗೆ ಸಂಸಾರ ಹೂಡುವ ಗಂಡ ಹೆಂಡಿರ ಕಥೆ. ಅತಿ ಕಡಿಮೆ ಹಣದಲ್ಲಿ, ಹೆಸರಾಂತ ತಾರೆಯರಿಲ್ಲದೆ ತಯಾರಾದ ಅದಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ರಾಜಸ್ಥಾನದ ನೀರಿನ ಬವಣೆಯ ಬಗ್ಗೆ 1971ರಲ್ಲಿ ಮಾಡಿದ ದೋ ಬೂಂದ್ ಪಾನಿಗೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ದೊರೆಯಿತು.

ನಮ್ಮ ಕರ್ನಾಟಕಕ್ಕೆ ನಂಟಿರುವ ಒಂದು ಚಿತ್ರವನ್ನೂ ಇಲ್ಲಿ ಹೇಳಬೇಕು. ಹದಿನೈದನೆಯ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಕುದುರೆಯೊಂದನ್ನು ಮಾರಲು ತಂದು, ಸಮುದ್ರ ದಾಟಿ ಭಾರತಕ್ಕೆ ಬಂದಿದ್ದ. 1470ರ ಸುಮಾರಿಗೆ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ನಮ್ಮ ಬೀದರಿನಲ್ಲಿ ಇದ್ದು, ಕಂಡದ್ದನ್ನೆಲ್ಲ ಬರೆದಿಟ್ಟ. ಮಹಮೂದ್ ಗವಾನ್ ವಜೀರರಾಗಿದ್ದ ಕಾಲ ಅದು. 1472ರಲ್ಲಿ ಅವರು ಕಟ್ಟಿಸಿದ ಮದರಸಾದ ಗೋಡೆಗಳನ್ನು ಬೀದರ್ ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಈ ನಿಕಿತಿನ್‌ನ ಪ್ರವಾಸವನ್ನು ಅಬ್ಬಾಸ್ ರಷ್ಯದ ನಿರ್ದೇಶಕ ವಾಸಿಲಿ ಪ್ರೋನಿನ್ ಅವರೊಂದಿಗೆ ಸೇರಿ 1957ರಲ್ಲಿ ಪರದೇಸಿ ಎಂಬ ಚಿತ್ರ ಮಾಡಿದರು. ಭಾರತ ಮತ್ತು ಸೋವಿಯತ್ ಒಕ್ಕೂಟ ಜೊತೆಗೂಡಿ ನಿರ್ಮಿಸಿದ ಚಿತ್ರ ಅದು.

ಏಳು ಜನ ಭಾರತೀಯರು

1969ರ ಸಾತ್ ಹಿಂದೂಸ್ತಾನಿ ಚಿತ್ರದ ಹಿಂದೆ ಒಂದು ಪಾಠವಿದೆ. ಕಾರವಾರದ ಗಡಿಯಾಚೆಗಿರುವ ಗೋವಾ 1961ರವರೆಗೂ ಪೋರ್ಚುಗೀಸರ ಹಿಡಿತದಲ್ಲಿತ್ತು. ಅದರ ಬಿಡುಗಡೆಗಾಗಿ ಬೇರೆ ಬೇರೆ ಪ್ರಾಂತ, ಬೇರೆ ಬೇರೆ ಧರ್ಮದ ಏಳು ಜನ ಒಂದಾಗುವ ಕಥೆ ಅದು. ಅಬ್ಬಾಸ್ ಬೇಕೆಂದೇ ಒಂದು ಪ್ರಾಂತದವರಿಗೆ ಇನ್ನೊಂದು ಪ್ರಾಂತದ ಪಾತ್ರ ಕೊಟ್ಟರು. ಬಂಗಾಳದ ಉತ್ಪಲ್ ದತ್ ಪಂಜಾಬಿ ರೈತನಾದರು, ಕೇರಳದ ಮಧು ಬಂಗಾಳಿಯಾದರು. ನಾವು ಬೇರೆಯವರು ಎನ್ನುವವರಿಗೆ ಅದೇ ಉತ್ತರ.

ಬಿಹಾರದ ಮುಸ್ಲಿಂ ಕವಿಯ ಪಾತ್ರಕ್ಕಾಗಿ ಎತ್ತರದ ತೆಳ್ಳಗಿನ ಯುವಕನೊಬ್ಬ ಬಂದ. ಕಲ್ಕತ್ತೆಯಲ್ಲಿದ್ದ ಒಳ್ಳೆಯ ನೌಕರಿಯನ್ನು ಬಿಟ್ಟು ಬಂದಿದ್ದ. ಅವನು ಹಿಂದಿಯ ಹೆಸರಾಂತ ಕವಿ ಹರಿವಂಶರಾಯ್ ಬಚ್ಚನ್ ಅವರ ಮಗ ಎಂದು ತಿಳಿದಾಗ, ಹುಡುಗ ಮನೆಯಲ್ಲಿ ಹೇಳದೆ ಬಂದಿರಬಹುದೇ ಎಂಬ ಅನುಮಾನ ಅಬ್ಬಾಸ್‌ರಿಗೆ ಬಂತು. ತಂದೆಗೆ ಪತ್ರ ಬರೆದು, ಅವರ ಒಪ್ಪಿಗೆ ಪಡೆದ ಮೇಲಷ್ಟೇ ಕರಾರು ಮಾಡಿಕೊಂಡರು. ಇಡೀ ಚಿತ್ರಕ್ಕೆ ಐದು ಸಾವಿರ ರೂಪಾಯಿ. ಆ ಯುವಕನೇ ಅಮಿತಾಭ್ ಬಚ್ಚನ್. ದೊಡ್ಡವರ ಮಗನನ್ನು ಹಿಡಿದು ಲಾಭ ಮಾಡಿಕೊಳ್ಳುವ ಬದಲು, ತಂದೆಯ ಅನುಮತಿ ಕೇಳಿದ ಅದಬ್ ಅಬ್ಬಾಸ್‌ರದ್ದು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂತು.

ಸುಪ್ರೀಂ ಕೋರ್ಟಿನ ಮೆಟ್ಟಿಲು

ಕಾನೂನು ಓದಿದ್ದು ವ್ಯರ್ಥವಾಗಲಿಲ್ಲ. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸು ನಗರಗಳ ಸಿರಿವಂತಿಕೆಯನ್ನೂ ದಾರಿದ್ರ್ಯವನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಕಿರುಚಿತ್ರವೊಂದನ್ನು ಅವರು 1968ರಲ್ಲಿ ಮಾಡಿದರು. ಮುಂಬಯಿಯ ಅಸಹಾಯಕ ಹೆಣ್ಣುಮಕ್ಕಳ ಬೀದಿಯ ದೃಶ್ಯಗಳನ್ನು ಕಂಡ ಸೆನ್ಸಾರ್ ಮಂಡಳಿ, ಎಲ್ಲರೂ ನೋಡಬಹುದೆಂಬ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಗ್ಗಿ ಪ್ರಮಾಣಪತ್ರ ಕೊಡಲು ಒಪ್ಪಿತು. ಅಷ್ಟಕ್ಕೆ ಸುಮ್ಮನಾಗಬಹುದಿತ್ತು, ಅವರು ಸುಮ್ಮನಾಗಲಿಲ್ಲ. ಇದು ತನ್ನೊಬ್ಬನ ಚಿತ್ರದ ಮಾತಲ್ಲ, ಎಲ್ಲ ಕಲಾವಿದರ ಹಕ್ಕಿನ ಮಾತು ಎಂದು ವಾದ ಮುಂದುವರಿಸಿದರು.

1970ರಲ್ಲಿ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರ ಪೀಠ ತೀರ್ಪು ನೀಡಿತು. ಚಿತ್ರಗಳಿಗೆ ಸೆನ್ಸಾರ್ ಇರುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಅಂದರೆ ಮುಖ್ಯ ವಾದದಲ್ಲಿ ಅಬ್ಬಾಸ್ ಸೋತರು. ಆದರೆ ಸೆನ್ಸಾರ್ ಮನಬಂದಂತೆ ನಡೆಯಬಾರದು, ಕಲೆಯ ಮೌಲ್ಯವನ್ನು ಗಮನಿಸಬೇಕು, ನಿಗದಿತ ಕಾಲದೊಳಗೆ ತೀರ್ಮಾನ ಆಗಬೇಕು, ಮೇಲ್ಮನವಿಗೆ ದಾರಿ ಇರಬೇಕು ಎಂಬ ಮಾತುಗಳು ಆ ಮೊಕದ್ದಮೆಯಿಂದಲೇ ಬೆಳಕಿಗೆ ಬಂದವು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಕೆ.ಎ. ಅಬ್ಬಾಸ್ ಮೊಕದ್ದಮೆ ಎಂದು ಅದನ್ನು ಓದುತ್ತಾರೆ.

ಕೊನೆಯ ದಿನಗಳು

1970ರ ಮೇರಾ ನಾಮ್ ಜೋಕರ್ ಸೋತಾಗ, ರಾಜ್ ಕಪೂರರ ಕೈಹಿಡಿದ 1973ರ ಬಾಬಿಯ ಕಥೆಯೂ ಅಬ್ಬಾಸ್‌ರದ್ದೇ. ಸಿರಿವಂತರ ಹುಡುಗ, ಮೀನುಗಾರರ ಮನೆಯ ಹುಡುಗಿ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದು ಎಂಬ ಹಳೆಯ ಮಾತೇ ಅಲ್ಲೂ ಇತ್ತು. 1977ರಲ್ಲಿ ಅವರ ಆತ್ಮಚರಿತ್ರೆ ಪ್ರಕಟವಾಯಿತು. ಆರೋಗ್ಯ ಕೆಟ್ಟರೂ ಅಂಕಣ ನಿಲ್ಲಲಿಲ್ಲ. ಪತ್ನಿ ಮುಜ್ತಬಾಯಿ ಬಹಳ ಮೊದಲೇ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. 1987ರ ಜೂನ್ 1ರಂದು, ಎಪ್ಪತ್ತಮೂರು ತುಂಬಲು ಇನ್ನು ಆರು ದಿನವಿದ್ದಾಗ, ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು. ಗಡಿಯ ಎರಡು ಬದಿಯ ಮನಸ್ಸುಗಳನ್ನು ಬೆಸೆಯುವ ಅವರ ಕಥೆ ಹೆನ್ನಾ ತೆರೆಗೆ ಬಂದದ್ದು 1991ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ.

ಅಬ್ಬಾಸ್‌ರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವರು ಸಮಾಜವಾದಿ, ಎಡಪಂಥದ ಒಲವಿನವರು. ನಮ್ಮ ಹಿರಿಯರಲ್ಲಿ ಹಲವರಿಗೆ ಅವರ ಕೆಲವು ಮಾತುಗಳು ಹಿಡಿಸಿರಲಾರವು. ಅವರ ಚಿತ್ರಗಳಲ್ಲಿ ಉಪದೇಶವೇ ಹೆಚ್ಚಾಯಿತು ಎಂದ ವಿಮರ್ಶಕರೂ ಇದ್ದಾರೆ. ಆದರೆ ತಮಗೆ ಸಿಕ್ಕ ವಿದ್ಯೆಯನ್ನು ಅವರು ಅಮಾನತ್ ಎಂದು ಬಗೆದರು, ಅದನ್ನು ವಿದ್ಯೆ ಸಿಗದವರ ಪರವಾಗಿ ಖರ್ಚು ಮಾಡಿದರು. ಇದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ನಮ್ಮ ಮನೆಯಲ್ಲಿ ಯಾರೂ ಓದಿಲ್ಲ, ನಾನೇನು ಓದಿಯೇನು ಎಂದು ಕುಗ್ಗಿದ್ದರೆ, ಹಾಲಿಯವರ ಮರಿಮಗ ನಿಮಗಾಗಿಯೇ ಒಂದು ಕಥೆ ಬರೆದಿದ್ದಾರೆ ಎಂದು ತಿಳಿಯಿರಿ. ಹುಟ್ಟಿದ ಮನೆ ನಿಮ್ಮ ಆಯ್ಕೆಯಲ್ಲ, ಹಿಡಿಯುವ ಪುಸ್ತಕ ನಿಮ್ಮ ಆಯ್ಕೆ. ಸಂಸ್ಥೆಯ ಹಿರಿಯ ಸದಸ್ಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮೊಹಲ್ಲಾದಲ್ಲಿ ಈ ವರ್ಷ ಶಾಲೆ ಬಿಟ್ಟ ಒಬ್ಬ ಹುಡುಗನನ್ನಾದರೂ, ಒಬ್ಬ ಹುಡುಗಿಯನ್ನಾದರೂ ಕೈಹಿಡಿದು ಮತ್ತೆ ತರಗತಿಗೆ ಕರೆತನ್ನಿ. ರೊಟ್ಟಿ ಕದಿಯುವ ದಿನ ಬರುವ ಮೊದಲೇ ಕರೆತನ್ನಿ.